ಕೆಟ್ಟ ಪ್ರಿಂಟಿನ ಕಮಾಂಡೊ

ಸುಳ್ಳು ಹೇಳುವವನಿಗೆ ಒಳ್ಳೆಯ ಜ್ಞಾಪಕಶಕ್ತಿ ಇರಬೇಕು ಎಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಜ್ಞಾಪಕಶಕ್ತಿ ಅಷ್ಟೇನೂ ಬೇಕಾಗಿಲ್ಲ, ಒಂದು ಕೆಟ್ಟ ಪ್ರಿಂಟ್ ಇದ್ದರೆ ಸಾಕು. ಗೀರು ಬಿದ್ದು ಮಸುಕಾಗಿ, ನಾಯಕನ ಮೂಗು ಯಾವುದು, ಬಂದೂಕಿನ ಮೂತಿ ಯಾವುದು ಎಂದು ಗೊತ್ತಾಗದಂಥ ಒಂದು ಹಳೆಯ ಸಿನಿಮಾ ಪ್ರಿಂಟಿನ ಮರೆಯಲ್ಲಿ ನಾನು ಮೂವತ್ತು ವರ್ಷ ಮರ್ಯಾದೆಯಿಂದ ಬಾಳಿದೆ. ಯಾರೋ ಪುಣ್ಯಾತ್ಮರು ಅದನ್ನು ಒರೆಸಿ ತೊಳೆದು ಫಳಫಳ ಮಾಡಿದರು ನೋಡಿ, ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಚಿತ್ರ ಯಾವುದೆಂದು ಹೇಳುವುದಿಲ್ಲ, ನೀವು ನೋಡಿರುತ್ತೀರಿ. ಸೇನೆಯ ಹನ್ನೆರಡು ಜನ ಕಮಾಂಡೊಗಳು ಶತ್ರುಗಳ ಸೇತುವೆಯನ್ನು ಉಡಾಯಿಸಿ ಬರುವ ಕಥೆ. ಗಣರಾಜ್ಯೋತ್ಸವ ಬಂತೆಂದರೆ ಟಿವಿಯಲ್ಲಿ ಅದು ಬರಲೇಬೇಕು. ಆ ಹನ್ನೆರಡರಲ್ಲಿ ಮಾತಿದ್ದದ್ದು ಐವರಿಗೆ. ಮಿಕ್ಕ ಏಳು ಜನಕ್ಕೆ ಓಡುವುದಷ್ಟೇ ಕೆಲಸ. ನಾನು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಊರಾಚೆಯ ಬಂಡೆಗುಡ್ಡದಲ್ಲಿ ಅದರ ಶೂಟಿಂಗ್ ನಡೆಯಿತು. ಓಡುವ ಕೆಲಸಕ್ಕೆ ಸಿನಿಮಾದವರು ನಮ್ಮ ಕಾಲೇಜಿನ ಎನ್‌ಸಿಸಿ ಹುಡುಗರನ್ನು ಕೇಳಿದರು. ನಮ್ಮ ಮುಖಕ್ಕೆ ಇದ್ದಿಲ ಪುಡಿಯನ್ನೂ ಕೊಬ್ಬರಿ ಎಣ್ಣೆಯನ್ನೂ ಕಲಸಿ ಬಳಿದರು. ಮೂರು ದಿನ ಓಡಿದೆವು. ಹೆತ್ತ ತಾಯಿಯೂ ಗುರುತಿಸಲಾರದ ಸ್ಥಿತಿಯಲ್ಲಿ ಮನೆಗೆ ಹೋಗಿ, ಬಾಗಿಲಲ್ಲೇ ಬಕೆಟ್ ನೀರು ಹುಯ್ಯಿಸಿಕೊಂಡು ಒಳಗೆ ಬಂದೆವು. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಅಪ್ಪಟ ಸತ್ಯ.

ಸತ್ಯದ ಗಡಿ ದಾಟಿದ್ದು ಕೊಚ್ಚಿಯಲ್ಲಿ. ಬ್ಯಾಂಕಿನ ಕೆಲಸದ ಮೇಲೆ ಇಲ್ಲಿಗೆ ಬಂದಾಗ ನನಗೆ ಮಲಯಾಳಂ ಬರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿಕೊಂಡು ಸಿನಿಮಾ ಚರ್ಚೆ ಮಾಡುವಾಗ ನಾನು ನನ್ನ ಚಿತ್ರಾನ್ನದ ಕಡಲೆಬೀಜ ಎಣಿಸುತ್ತಾ ಕೂತಿರುತ್ತಿದ್ದೆ. ಒಂದು ದಿನ ಈ ಚಿತ್ರದ ಮಾತು ಬಂತು. "ನಾನು ಅದರಲ್ಲಿ ಇದೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹನ್ನೊಂದು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ಕೇರಳದಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. "ಯಾವನು ಸಾರೇ?" ಎಂದು ಕ್ಯಾಶಿಯರ್ ವರ್ಗೀಸ್ ಕೇಳಿದ. "ಧೂಳಿನಲ್ಲಿ ಎಲ್ಲೋ ಇದೀನಿ, ನನಗೂ ಸರಿಯಾಗಿ ಕಾಣೋದಿಲ್ಲ" ಎನ್ನಬಹುದಿತ್ತು. ಅಷ್ಟು ದಿನದ ಮೇಲೆ ಸಿಕ್ಕ ಹನ್ನೊಂದು ಜೊತೆ ಕಣ್ಣುಗಳನ್ನು ಹಾಗೆ ಹೇಳಿ ಯಾರು ಕಳೆದುಕೊಳ್ಳುತ್ತಾರೆ? "ಬಂಡೆಯ ಮೇಲಿಂದ ಹಾರ್ತಾನಲ್ಲ, ಅವನು" ಎಂದುಬಿಟ್ಟೆ.

ಆ ಹಾರಾಟ ಚಿತ್ರದ ಪ್ರಾಣ. ಎರಡು ಆಳೆತ್ತರದ ಬಂಡೆಯ ತುದಿಯಿಂದ ಒಬ್ಬ ಕಮಾಂಡೊ ಕಾವಲುಗಾರನ ಮೇಲೆ ಧುಮುಕುತ್ತಾನೆ. ಹಾರಿದವನು ಮದ್ರಾಸಿನಿಂದ ಕರೆಸಿದ ಸಾಹಸಗಾರ; ಆಗ ನಾನು ಕೆಳಗೆ ನಿಂತು ಬಾಯಿಬಿಟ್ಟು ನೋಡುತ್ತಿದ್ದೆ. ಬೇರೆ ಊರಾಗಿದ್ದರೆ "ಓಹೋ" ಎಂದು ಬಿಟ್ಟುಬಿಡುತ್ತಿದ್ದರು. ಇಲ್ಲಿ ಚಹಾದ ಅಂಗಡಿಯವನಿಗೂ ಕ್ಯಾಮೆರಾ ಕೋನದ ಬಗ್ಗೆ ಖಚಿತ ಅಭಿಪ್ರಾಯವಿರುತ್ತದೆ. ಕೆಳಗೆ ಬಲೆ ಕಟ್ಟಿದ್ದರೇ, ಎಷ್ಟು ಟೇಕ್ ಆಯಿತು ಎಂದು ವರ್ಗೀಸ್ ವಿಚಾರಣೆ ನಡೆಸಿದ. "ಬಲೆ ಮೀನಿಗೆ, ಕಮಾಂಡೊಗೆ ಯಾತಕ್ಕೆ?" ಎಂದೆ. "ಸಾರ್ ಪುಲಿಯಾಣಲ್ಲೋ!" ಎಂದ. ಹುಲಿ ಎಂದು ಕರೆಸಿಕೊಂಡ ಮೇಲೆ ಹುಲ್ಲು ತಿನ್ನಲಾದೀತೇ?

ಮಗಳು ಪಲ್ಲವಿ ಹುಟ್ಟಿದ ಮೇಲಂತೂ ಬಂಡೆ ಬೆಳೆಯತೊಡಗಿತು. ಅವಳಿಗೆ ಊಟವೆಂದರೆ ಆಗುತ್ತಿರಲಿಲ್ಲ. ಒಂದೊಂದು ತುತ್ತಿಗೂ ಬಂಡೆಯನ್ನು ಒಂದೊಂದು ಅಡಿ ಏರಿಸಿದೆ. ಅನ್ನ ಮುಗಿದು ಮಜ್ಜಿಗೆಗೆ ಬರುವಷ್ಟರಲ್ಲಿ ಅದು ಚಾಮುಂಡಿ ಬೆಟ್ಟದಷ್ಟಾಗಿರುತ್ತಿತ್ತು. ನನ್ನ ಹೆಂಡತಿ ಸುಜಾತಾ ಮಾತ್ರ, "ಲಿಫ್ಟ್ ಕೆಟ್ಟ ದಿನ ಎರಡನೇ ಮಹಡಿಗೆ ಮೂರು ಸಲ ಕೂತು ಬರ್ತಾರೆ ಕಮಾಂಡೊ" ಎಂದು ಅಡಿಗೆಮನೆಯಿಂದಲೇ ಗುಂಡು ಹಾರಿಸುತ್ತಿದ್ದಳು. ಗಣರಾಜ್ಯೋತ್ಸವದ ದಿನ ಪಲ್ಲವಿ ಟಿವಿಯ ಮುಂದೆ ಕೂತು, ಆ ಮಸುಕು ಮಸಿಮುಖ ಹಾರಿದೊಡನೆ ಚಪ್ಪಾಳೆ ತಟ್ಟಿ ನನ್ನ ಕಡೆ ನೋಡುತ್ತಿದ್ದಳು. ಆ ನೋಟವನ್ನು ನೀವು ನೋಡಿದ್ದರೆ ನೀವೂ ಸುಳ್ಳು ಹೇಳುತ್ತಿದ್ದಿರಿ.

ಈಗ ಅವಳು ತಿರುವನಂತಪುರದಲ್ಲಿ ಮಾಧ್ಯಮದ ವಿದ್ಯಾರ್ಥಿನಿ, ಕಾಲೇಜಿನ ಫಿಲ್ಮ್ ಸೊಸೈಟಿಯ ಕಾರ್ಯದರ್ಶಿ. ಹೋದ ತಿಂಗಳು ಫೋನ್ ಮಾಡಿದಳು. "ಅಪ್ಪಾ, ನಿನ್ನ ಪಿಕ್ಚರ್ ಹಾಕ್ತಿದೀವಿ! ರಿಸ್ಟೋರ್ ಮಾಡಿರೋ ಪ್ರಿಂಟ್. ಮುಖದ ಮೇಲಿನ ಬೆವರಿನ ಹನಿ ಕೂಡ ಕಾಣತ್ತೆ, ಅರಿಯಾಮೋ?"

ಅದನ್ನು ಅರಿತ ಕೂಡಲೇ ನನ್ನ ಮುಖದ ಮೇಲೂ ಬೆವರಿನ ಹನಿ ಕಂಡಿತು. ಬ್ಯಾಂಕಿನಲ್ಲಿ ಆಡಿಟ್ ಇದೆ ಎಂದೆ. ಮಂಡಿನೋವು ಎಂದೆ. "ಮುಖ್ಯ ಅತಿಥಿ ನೀನೇ ಅಪ್ಪಾ, ಪೋಸ್ಟರ್ ಆಗಿದೆ. ಎಲ್ಲರಿಗೂ ಹೇಳಿದೀನಿ" ಎಂದಳು. ಅಷ್ಟು ಹೊತ್ತಿಗೆ ಸುಜಾತಾ ನಮ್ಮ ಮನೆಗೆ ಹತ್ತಿರದ ತ್ರಿಪ್ಪುಣಿತ್ತುರ ಸ್ಟೇಷನ್ನಿನಿಂದ ರೈಲಿನ ಟಿಕೆಟ್ ಮಾಡಿಸಿ ಮುಗಿಸಿದ್ದಳು. ನನ್ನನ್ನು ಸಿಕ್ಕಿಸುವ ಕೆಲಸದಲ್ಲಿ ಅವಳಷ್ಟು ಚುರುಕಾದ ಕಮಾಂಡೊ ಇನ್ನೊಬ್ಬಳಿಲ್ಲ.

ದಾರಿಯುದ್ದಕ್ಕೂ ಪಲ್ಲವಿಗೆ ಮೊದಲೇ ನಿಜ ಹೇಳಿಬಿಡಬೇಕೆಂದು ವಾಕ್ಯ ಜೋಡಿಸಿದೆ. ಕೊಲ್ಲಂ ದಾಟುವ ಹೊತ್ತಿಗೆ ಅದು ಸುಂದರವಾಗಿ ಕೂತಿತ್ತು. ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದರೆ, ಪಲ್ಲವಿ ಓಡಿಬಂದು ನನ್ನ ತೋಳು ಹಿಡಿದುಕೊಂಡು ಗೆಳತಿಯರಿಗೆ, "ಇವರೇ!" ಎಂದಳು. ವಾಕ್ಯ ಹಳಿ ತಪ್ಪಿತು. ಕಾಲೇಜಿನ ಗೇಟಿನಲ್ಲಿ ದೊಡ್ಡ ಫ್ಲೆಕ್ಸ್. ನನ್ನ ಬ್ಯಾಂಕಿನ ಗುರುತಿನ ಚೀಟಿಯ ಫೋಟೊ ಹಿಗ್ಗಿಸಿ ಅದರ ತಲೆಗೆ ಹೆಲ್ಮೆಟ್ ಅಂಟಿಸಿದ್ದರು. ಸಾಲ ತಿರಸ್ಕರಿಸಲು ಹೊರಟ ಯೋಧನ ಹಾಗೆ ಕಾಣುತ್ತಿದ್ದೆ.

ಮಧ್ಯಾಹ್ನ ಮೂರಕ್ಕೆ ಚಿತ್ರ ಶುರುವಾಯಿತು. ನನ್ನ ಎಡಕ್ಕೆ ಮಗಳು, ಬಲಕ್ಕೆ ಹೆಂಡತಿ. ಬಂಡೆ ಬಂತು. ಹುಲ್ಲಿನ ಎಸಳು ಎಸಳೂ ಕಾಣುತ್ತಿತ್ತು. ಅವನು ಎದ್ದು ನಿಂತ. ನನಗಿಂತ ಅರ್ಧ ಅಡಿ ಎತ್ತರ. ಮಸಿಯ ಅಡಿಯಲ್ಲಿ ಹುರಿಗೊಳಿಸಿದ ಮೀಸೆ, ಎರಡೂ ಕಿವಿಯಲ್ಲಿ ಒಂಟಿ. ಅವನು ಹಾರಿದ, ಸಭೆ ಚಪ್ಪಾಳೆ ತಟ್ಟಿತು. ಪಲ್ಲವಿ ತಟ್ಟಲಿಲ್ಲ. ನನ್ನ ತೋಳಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೈಗುಳ ತಿಂದಿದ್ದೇನೆ, ಯಾವುದೂ ಹಾಗೆ ನಾಟಿಲ್ಲ. ನನಗೆ ನಾಚಿಕೆಯಾಯಿತು, ಕುರ್ಚಿಯ ಕೆಳಗೆ ಸೇರಿಕೊಳ್ಳುವಷ್ಟು ನಾಚಿಕೆ.

ಕೊನೆಯಲ್ಲಿ ಸೇತುವೆ ಸಿಡಿಯುವ ದೃಶ್ಯ. ಹಳೆಯ ಪ್ರಿಂಟಿನಲ್ಲಿ ಅಲ್ಲಿ ಹೊಗೆ, ಅದರೊಳಗೆ ಯಾರದೋ ಮಸುಕು ನೆರಳು, ಅಷ್ಟೇ. ಈಗ ಹೊಗೆಯೂ ತೆಳುವಾಗಿತ್ತು. ಕಮಾಂಡೊಗಳೆಲ್ಲ ಸೇತುವೆಯತ್ತ ಓಡುತ್ತಾರೆ. ಒಬ್ಬ ಮಾತ್ರ ನಿಲ್ಲುತ್ತಾನೆ, ತಿರುಗುತ್ತಾನೆ, ಒಂದು ಕೈ ಸೊಂಟದ ಮೇಲಿಟ್ಟು ಬಗ್ಗಿ ನೆಲವನ್ನು ನೋಡುತ್ತಾ ಬಂದ ದಾರಿಗೇ ವಾಪಸು ಹೊರಡುತ್ತಾನೆ. ಹಿಂದೆ ಬಾಂಬು ಸಿಡಿಯುತ್ತಿದೆ, ಆಸಾಮಿಗೆ ಅದರ ಪರಿವೆಯೇ ಇಲ್ಲ.

"ಅಪ್ಪಾ!" ಇಡೀ ಹಾಲಿಗೆ ಕೇಳುವಂತೆ ಕಿರುಚಿದಳು ಪಲ್ಲವಿ. "ಅದು ನೀನು! ಅದು ನೀನೇ ಅಲ್ವಾ?"

"ಅವರೇ ಕಣೇ," ಎಂದಳು ಸುಜಾತಾ, "ದಿನಾ ಬೆಳಿಗ್ಗೆ ಕನ್ನಡಕ ಹುಡುಕೋದು ಹೀಗೇ." ಅವಳಿಗೆ ನಗು ತಡೆಯಲಾಗಲಿಲ್ಲ.

ಚಿತ್ರ ಮುಗಿದ ಮೇಲೆ ಚರ್ಚೆ. ಚರ್ಚೆಯಿಲ್ಲದೆ ಈ ಊರಿನಲ್ಲಿ ಸಿನಿಮಾ ಮುಗಿದಂತೆ ಲೆಕ್ಕವಿಲ್ಲ. ಪಲ್ಲವಿಯ ಪ್ರಾಧ್ಯಾಪಕರು ವೇದಿಕೆ ಹತ್ತಿದರು. ಎಲ್ಲರೂ ಅವರನ್ನು 'ಮಾಷ್' ಎನ್ನುತ್ತಾರೆ, ನಮ್ಮಲ್ಲಿ ಮೇಷ್ಟ್ರು ಎಂದ ಹಾಗೆ. ಹೊಗೆಯಲ್ಲಿ ಹಿಂದಿರುಗುವ ಆ ಮಸುಕು ಆಕೃತಿಯ ಮೇಲೆ ಅವರು ಒಂದು ಪುಸ್ತಕವನ್ನೇ ಬರೆದಿದ್ದರಂತೆ. ಇಡೀ ಯುದ್ಧಚಿತ್ರಕ್ಕೆ ಯುದ್ಧವನ್ನು ನಿರಾಕರಿಸಿದ ಸೈನಿಕ ಅವನೊಬ್ಬನೇ. ಚಿತ್ರದ ಆತ್ಮಸಾಕ್ಷಿ ಅವನು. "ಆ ಆತ್ಮಸಾಕ್ಷಿ ಇವತ್ತು ನಮ್ಮ ನಡುವೆ ಕೂತಿದೆ!" ಎಂದು ನನ್ನ ಕಡೆ ಕೈ ತೋರಿಸಿದರು. ನನ್ನನ್ನು ಮೇಲೆ ಕರೆದು ಮೈಕ್ ಕೊಟ್ಟು, ತಿರುಗಿದ ಆ ಕ್ಷಣದಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು.

ಎದುರಿಗೆ ಪಲ್ಲವಿ. ಕೈ ಕಟ್ಟಿಕೊಂಡು ನೋಡುತ್ತಿದ್ದಳು. ಆತ್ಮಸಾಕ್ಷಿಯಾಗಲು ನನಗೆ ಅಭ್ಯಂತರವೇನೂ ಇರಲಿಲ್ಲ, ಬಂಡೆಗಿಂತ ಅದು ಎತ್ತರ. ಆದರೆ ಆ ಹುಡುಗಿಯ ಮುಖ ನೋಡಿ, ಜೀವನದಲ್ಲಿ ಮೊದಲ ಬಾರಿಗೆ ಮೈಕ್ ಮುಂದೆ ನಿಜ ಹೇಳಿದೆ. "ಬಂಡೆಯಿಂದ ಹಾರಿದವನು ನಾನಲ್ಲ. ಮಗಳಿಗೆ ಸುಳ್ಳು ಹೇಳಿದ್ದೆ. ಇಲ್ಲಿ ತಿರುಗಿದವನು ನಾನು. ನನ್ನ ನೀರಿನ ಬಾಟಲಿ ಬಿದ್ದುಹೋಗಿತ್ತು. ಅದು ಕಾಲೇಜಿನ ಎನ್‌ಸಿಸಿ ಸ್ಟೋರಿನದು, ಸಂಜೆ ವಾಪಸು ಕೊಡಬೇಕಿತ್ತು. ಸ್ಟೋರಿನ ಹವಾಲ್ದಾರರಿಗೆ ಹೆದರಿದಷ್ಟು ನಾನು ಆ ಬಾಂಬಿಗೆ ಹೆದರಲಿಲ್ಲ. ಸೇತುವೆ ಒಂದೇ ಇದ್ದದ್ದರಿಂದ ಎರಡನೇ ಟೇಕ್ ಆಗಲಿಲ್ಲ."

ಮಾಷ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕೇಟ್ಟಿಲ್ಲೇ, ಕೇಳಿದಿರಲ್ಲ? ಎಲ್ಲರೂ ಬೆಂಕಿಯತ್ತ ಓಡುವಾಗ ಒಬ್ಬ ಮಾತ್ರ ನೀರಿಗಾಗಿ ಹಿಂದಿರುಗಿದ!" ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಜರಿಯ ಶಾಲು ಹೊದಿಸಿದರು. ಸುಳ್ಳನ್ನು ನಂಬಿಸಲು ಮೂವತ್ತು ವರ್ಷ ಒದ್ದಾಡಿದವನು ನಾನು. ನಿಜವನ್ನು ಅವರು ಅರ್ಧ ನಿಮಿಷದಲ್ಲಿ ಕೆಡಿಸಿಬಿಟ್ಟರು.

ಆಮೇಲೆ ಮೂವರೂ ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಚಹಾ, ಪಳಂಪೊರಿ ತೆಗೆದುಕೊಂಡು ಕೂತೆವು. ನಮ್ಮ ಬಾಳೆಹಣ್ಣಿನ ಬಜ್ಜಿಯೇ ಅದು, ಸ್ವಲ್ಪ ಉದ್ದ. ಪಲ್ಲವಿ ತನ್ನ ಪಳಂಪೊರಿಯನ್ನು ಮುರಿದು ಅರ್ಧವನ್ನು ನನ್ನ ತಟ್ಟೆಗಿಟ್ಟಳು. ಆಮೇಲೆ, "ಆ ಮೀಸೆಯವನನ್ನ ನೋಡಿ ಅಳು ಬಂತು ಅಪ್ಪಾ," ಎಂದಳು. "ಬಗ್ಗಿಕೊಂಡು ಬಂದ್ಯಲ್ಲ, ಆಗ ಸರಿಹೋಯ್ತು. ಅಷ್ಟು ಚೆನ್ನಾಗಿ ನಿನ್ನ ಹಾಗಿತ್ತು." ನಾನು ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡೆ, ಚಹಾದ ಹಬೆಯ ನೆಪ ಹೇಳಿ.

"ಬಾಟಲಿ ಸಿಕ್ತಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ಆ ಹವಾಲ್ದಾರ್‌ಗೆ ಏನಂತ ಹೇಳಿದೆ?"

ಪಳಂಪೊರಿ ಬಾಯಲ್ಲೇ ಉಳಿಯಿತು. ಸುಜಾತಾ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡತೊಡಗಿದಳು. ಅದೇ ದಿನ ವೇದಿಕೆಯ ಮೇಲೆ ನಿಜ ಹೇಳಿ ಶಾಲು ಹೊದ್ದವನು ನಾನು, ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಬಂಡೆಯಿಂದ ಹಾರುವಾಗ ಬಿದ್ದುಹೋಯ್ತು ಸಾರ್ ಅಂದೆ."