ಅತ್ತೆಯ ಪಾದ, ಸೊಸೆಯ ಬೆರಳು

ಎಲ್ಲ ರಗಳೆಗೂ ಮೂಲ ಒಂದು ಕಾಗದದ ಕವರು. ಪಾರ್ಲರಿನ ನೇಲ್ ಕಟರು, ಉಗುರು ಉಜ್ಜುವ ಫೈಲುಗಳನ್ನು ಕವರಿನಲ್ಲಿ ಹಾಕಿ, ಕ್ರಿಮಿ ಸಾಯಲೆಂದು ಆವಿಯ ಯಂತ್ರದಲ್ಲಿ ಬೇಯಿಸಿ, ಮುಚ್ಚಿದಂತೆಯೇ ಇಟ್ಟಿರುತ್ತಾರೆ. ಗಿರಾಕಿಯ ಕಣ್ಣೆದುರೇ ಅದನ್ನು ಹರಿಯಬೇಕು. ಒಮ್ಮೆ ಹರಿದರೆ, ಬಳಸಲಿ ಬಿಡಲಿ, ಮತ್ತೆ ಯಂತ್ರಕ್ಕೇ ಹೋಗಬೇಕು. ಹಾಗೆ ಹರಿಯುವುದೆಂದರೆ ಗಡಿಬಿಡಿಗೆ ಎಲ್ಲಿಲ್ಲದ ಉತ್ಸಾಹ.

ಗಡಿಬಿಡಿ ಎಂಬುದು ಅತ್ತೆ ಇಟ್ಟ ಹೆಸರು; ಗಂಡನೂ ಈಗ ಹಾಗೇ ಕರೆಯುತ್ತಿದ್ದ. ಮನೆಯಲ್ಲಿ ಸೌಟು ಹಿಡಿದರೂ ಅತ್ತೆಯ ಕಣ್ಣು, ಪೊರಕೆ ಹಿಡಿದರೂ ಅತ್ತೆಯ ಕಣ್ಣು. ಹಗಲಿಡೀ ಆ ಕಣ್ಣಿನಿಂದ ದೂರ ಇರಬಹುದಲ್ಲ ಎಂದೇ ಅವಳು ಈ ಕೆಲಸಕ್ಕೆ ಸೇರಿದ್ದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬಂದೇಬಿಟ್ಟಿತೆಂದು ಅಂದು ಬೆಳಿಗ್ಗೆ ಅವಳು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಪೆಡಿಕ್ಯೂರಿನ ಸುರಕ್ಷತೆಯ ನಿಯಮಗಳನ್ನಂತೂ ವಾರವೆಲ್ಲ ತರಕಾರಿ ಹೆಚ್ಚುತ್ತ ಗಟ್ಟಿಯಾಗಿ ಉರು ಹೊಡೆದಿದ್ದಳು. ಕೇಳಿ ಕೇಳಿ ಅತ್ತೆಗೆ ತಲೆ ಚಿಟ್ಟು ಹಿಡಿದಿತ್ತು.

ಪಾರ್ಲರಿನ ಯಜಮಾನಿ ಬಾಗಿಲಲ್ಲೇ ಷರತ್ತು ಹಾಕಿದಳು. ಸಂಜೆಯೊಳಗೆ ಒಬ್ಬರ ಪಾದವನ್ನು ತಪ್ಪಿಲ್ಲದೆ ಮುಗಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಮನೆ. "ಗಾಯ ಇರೋ ಕಾಲು ಮುಟ್ಟಬಾರದು, ಗಾಯ ಇರೋ ಕೈಯಿಂದಲೂ ಮುಟ್ಟಬಾರದು. ನಾನೊಬ್ಬಳೇ ಎಷ್ಟು ಕಡೆ ಕಣ್ಣಿಡ್ಲಿ?" ಎಂದು ನಿಟ್ಟುಸಿರು ಬಿಟ್ಟಳು.

ಮೊದಲು ಬಂದದ್ದು ಒಬ್ಬ ದಪ್ಪ ಹೆಂಗಸು. ಆಕೆ ಕೂರುವುದೇ ತಡ, ಗಡಿಬಿಡಿ ಕವರನ್ನು ಪರ್ರೆಂದು ಹರಿದಳು. ಆಮೇಲೆ ಶುಗರ್ ಇದೆಯೇ ಎಂದು ಕೇಳಿದಳು. ಶುಗರೂ ಇತ್ತು, ಪಾದಕ್ಕೆ ಸ್ಪರ್ಶಜ್ಞಾನವೂ ಕಡಿಮೆಯಾಗಿತ್ತು. ಡಾಕ್ಟರನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಬೇಕಾಯಿತು. ಎರಡನೆಯವಳು ಕಾಲೇಜು ಹುಡುಗಿ. ಕವರು ಹರಿದ ಮೇಲೆ ತಿಳಿದದ್ದು, ಅವಳು ಅಂದು ಬೆಳಿಗ್ಗೆಯೇ ಕಾಲಿನ ಕೂದಲು ಬೋಳಿಸಿಕೊಂಡಿದ್ದಳು. ಕಣ್ಣಿಗೆ ಕಾಣದ ಗೀರುಗಳಿರುವ ಅಂಥ ಕಾಲನ್ನು ಟಬ್ಬಿನ ನೀರಿನಲ್ಲಿ ಇಡುವಂತಿಲ್ಲ. ಮೂರನೆಯವರು ನಿವೃತ್ತ ಮೇಷ್ಟರು. ಈ ಸಲ ಹರಿಯುವ ರಭಸಕ್ಕೆ ಕಟರಿನ ಮೂತಿ ಅವಳ ಗ್ಲೌಸಿನೊಳಗೇ ನುಗ್ಗಿ ಬೆರಳು ಚುರ್ರೆಂದಿತು. ಗಮನಿಸಲು ಪುರುಸೊತ್ತೆಲ್ಲಿ? ಮೇಷ್ಟರ ಹೆಬ್ಬೆರಳಿನ ಉಗುರು ಎಡವಿ ಕಿತ್ತುಬಂದಿತ್ತು.

"ಹರಿಯೋ ಮುಂಚೆ ಕೇಳಬಾರದಿತ್ತೇನಮ್ಮ?" ಎಂದು ಮೇಷ್ಟರು ಚಪ್ಪಲಿ ಮೆಟ್ಟಿ ಹೊರಟರು.

ಉಳಿದದ್ದು ಒಂದೇ ಕವರು. ಯಜಮಾನಿಯ ಮುಖ ಊದಿಕೊಂಡಿತ್ತು. ಹುಬ್ಬು ತಿದ್ದುವ ಅಕ್ಕ, ಯಾರೂ ಕೇಳದಿದ್ದರೂ, ಮನೆಯವರನ್ನೇ ಕರೆಸು ಎಂದು ಉಪಾಯ ಹೇಳಿದಳು. ಗಂಡ ಊರಲ್ಲಿರಲಿಲ್ಲ. ಗಡಿಬಿಡಿ ಗಟ್ಟಿಮನಸ್ಸು ಮಾಡಿ ಫೋನು ತೆಗೆದಳು.

"ಅತ್ತೆ, ನಿಮ್ಮ ಕಾಲು ಬೇಕಿತ್ತು."

"ಹಿಡ್ಕೊಳ್ಳೋಕಾ? ಏನು ಮುರಿದೆ?"

"ತೊಳೆಯೋಕೆ ಅತ್ತೆ. ಈ ಕೆಲಸ ಹೋದ್ರೆ ನಾಳೆಯಿಂದ ಇಡೀ ದಿನ ಮನೇಲೇ ಇರ್ತೀನಿ."

ಅತ್ತೆ ಮುಂದಿನ ಬಸ್ಸಿಗೇ ಬಂದರು.

ಈ ಸಲ ಗಡಿಬಿಡಿ ಕವರನ್ನು ಮುಟ್ಟದೆ ಮೊದಲು ಪ್ರಶ್ನೆ ಕೇಳಿದಳು. ಶುಗರಿಲ್ಲ, ಗಾಯವಿಲ್ಲ. ಬೆರಳ ಸಂದಿಯನ್ನೂ ಬಿಡದೆ ನೋಡಿದಳು. ಎಂಥ ಪಾದಗಳು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಚಿನ್ನದಂಥ ಪಾದಗಳನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಯಜಮಾನಿಯೂ ಪಕ್ಕದಲ್ಲಿ ನಿಂತು ತಲೆದೂಗಿದಳು. ಇನ್ನು ಗ್ಲೌಸು ಬದಲಿಸಿ ಕವರು ಹರಿಯುವುದಷ್ಟೇ ಬಾಕಿ. ಕೆಲಸ ಖಾಯಂ ಆದಂತೆಯೇ ಎಂದುಕೊಂಡು ಅವಳು ಹಳೆಯ ಗ್ಲೌಸು ಎಳೆದಳು.

"ತಡಿ," ಅಂದರು ಅತ್ತೆ. "ಬೆರಳಲ್ಲಿ ರಕ್ತ. ಗಾಯ ಇರೋ ಕೈಯಿಂದ ಮುಟ್ಟಬಾರದು ಅಂತ ನೀನೇ ಬಡ್ಕೋತಿದ್ದೆಯಲ್ಲ?"

ಅಷ್ಟಕ್ಕೇ ಅತ್ತೆ ನಿಲ್ಲಿಸಲಿಲ್ಲ. ಟಬ್ಬಿಗೆ ಕ್ರಿಮಿ ಕೊಲ್ಲುವ ಔಷಧಿ ನೀರು ಹಾಕಿ ಸ್ವಲ್ಪ ಹೊತ್ತು ಬಿಡಬೇಕಿತ್ತು, ಇವಳು ಹಾಕಿದ್ದೇ ತಡ ಚೆಲ್ಲಿಬಿಟ್ಟಳು ಎಂದರು. ಅತ್ತ ಹುಬ್ಬಿನ ಅಕ್ಕ ಬಳಸಿದ ಟವೆಲನ್ನೇ ಮಡಿಚಿಡುತ್ತಿದ್ದಾಳೆ ಎಂದೂ ತೋರಿಸಿದರು.

"ಇದೆಲ್ಲ ನಿಮಗೆ ಹೇಗಮ್ಮಾ ಗೊತ್ತು?" ಎಂದಳು ಯಜಮಾನಿ.

"ವಾರದಿಂದ ಅಡುಗೆಮನೇಲಿ ಇದೇ ಪಾಠ. ಅವಳಿಗೆ ಬಾಯಿಗೆ ಬಂತು, ನನಗೆ ತಲೆಗೆ ಹೋಯ್ತು."

ಯಜಮಾನಿ ಕೈ ಮುಗಿಯುವುದೊಂದು ಬಾಕಿ. ಎಷ್ಟು ದಿನದಿಂದ ಇಂಥ ಕಣ್ಣಿಗಾಗಿ ಹುಡುಕುತ್ತಿದ್ದೆ ಎಂದು ಅತ್ತೆಯನ್ನು ಆ ಗಳಿಗೆಯಲ್ಲೇ ಮೇಲ್ವಿಚಾರಣೆಗೆ ನೇಮಿಸಿಕೊಂಡಳು. ಗಡಿಬಿಡಿಯ ಕೆಲಸವೂ ಉಳಿಯಿತು, ಅತ್ತೆಯ ಕೈಕೆಳಗೆ.

ಅತ್ತೆ ಏಪ್ರನ್ ಕಟ್ಟಿಕೊಂಡರು. "ಗಡಿಬಿಡಿ, ಆ ಬೆರಳು ತೊಳೆದು ಪಟ್ಟಿ ಹಾಕ್ಕೋ. ಇವತ್ತು ಏನೂ ಮುಟ್ಟಬೇಡ, ನಾನು ಮಾಡೋದನ್ನ ನೋಡ್ತಾ ನಿಂತಿರು."

ಹೀಗೆ ಬೆಳಿಗ್ಗೆ ಸಂಜೆ ಮನೆಯಲ್ಲಿ ಅತ್ತೆಯ ಕಾಲ, ಹಗಲಿಡೀ ಪಾರ್ಲರಿನಲ್ಲಿಯೂ ಅತ್ತೆಯ ಕಾಲ. ಸೊಸೆಯ ಪಾಲಿಗೆ ಉಳಿದದ್ದು ನಡುವಿನ ಬಸ್ಸಿನ ದಾರಿ ಮಾತ್ರ. ಅಲ್ಲಿಯೂ ಕಿಟಕಿ ಪಕ್ಕದ ಸೀಟಿನಲ್ಲಿ ಅತ್ತೆ ಕೂತಿದ್ದರು.