ಗಾಡಿ ಹೊರಡುವ ಮೊದಲಿನ ಪ್ರಾರ್ಥನೆ

ನಮ್ಮ ಮನೆಯ ಗಾಡಿ ಪೆಟ್ರೋಲಿನಿಂದ ಓಡುತ್ತದೆ ಎಂದು ನೀವು ತಿಳಿದಿದ್ದರೆ ನಮ್ಮ ಪಪ್ಪಾನನ್ನು ನೋಡಿಲ್ಲವೆಂದೇ ಅರ್ಥ. ಅದು ಓಡುವುದು ಪ್ರಾರ್ಥನೆಯಿಂದ. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಿಂದ ತರಕಾರಿ ತರಲು ಹೊರಟರೂ ಸರಿ, ಭಾಲ್ಕಿಯ ಅಜ್ಜಿಯ ಮನೆಗೆ ಹೊರಟರೂ ಸರಿ, ಪಪ್ಪಾ ಚಾವಿಯನ್ನು ಕೈಯಲ್ಲಿ ಹಿಡಿದು, ನಾವೆಲ್ಲ ಕಣ್ಣು ಮುಚ್ಚಿದ್ದೇವೆಂದು ಖಾತ್ರಿ ಮಾಡಿಕೊಂಡು, ತಲೆ ಬಗ್ಗಿಸಿ ಶುರು ಮಾಡುತ್ತಾರೆ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮತ್ತೆ ಹೊರಡುವಾಗ ಹೊಸ ಪ್ರಾರ್ಥನೆ. ‘ಮೊದಲಿಂದು ಇಲ್ಲಿತನಕಾ ಬರ್ಲಾಕ ಮಾಡಿದ್ದು. ಗಾಡಿ ಬಂದ್ ಆಯ್ತು, ಅದೂ ಮುಗೀತು’ ಎನ್ನುತ್ತಾರೆ. ಅವರು ಔರಾದಿನ ಶಾಲೆಯಲ್ಲಿ ಗಣಿತ ಕಲಿಸುವವರು, ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ದಿನಾ ಔರಾದಿಗೆ ಹೋಗುವ ಬಸ್ಸಿನಲ್ಲೂ ಇದೇ ಕಥೆ. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಪಪ್ಪಾ ತಲೆ ಎತ್ತುವವರೆಗೆ ಕಾದು, ಆಮೇಲೆ ಊದಿದ.

ಪ್ರಾರ್ಥನೆ ಚಿಕ್ಕದಾಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮನೆಯಲ್ಲಿ ಅಚ್ಚ ಬೀದರ್ ಮಾತಾಡುವ ಪಪ್ಪಾ ದೇವರೆದುರು ಮಾತ್ರ ಗ್ರಾಂಥಿಕ ಕನ್ನಡಕ್ಕೆ ಇಳಿಯುತ್ತಾರೆ. ದೇಶದಿಂದ ಆರಂಭಿಸಿ, ಮಳೆ ಬೆಳೆ ವಿಚಾರಿಸಿಕೊಂಡು, ಶಾಲೆಯ ಮಕ್ಕಳನ್ನೂ ಭಾಲ್ಕಿಯ ಬಳಗವನ್ನೂ ದಾಟಿ, ಮಮ್ಮಿಯ ಹತ್ತಿರ ಬಂದು, ಕಟ್ಟಕಡೆಗೆ ನನ್ನನ್ನು ತಲುಪುತ್ತಾರೆ. ನನ್ನ ಹೆಸರು ಬಂತೆಂದರೆ ಇನ್ನೇನು ಆಮೆನ್ ಬಂತೆಂದು ನಾನು ಕಣ್ಣು ಮುಚ್ಚಿಕೊಂಡೇ ಕಾಲಿನಿಂದ ಚಪ್ಪಲಿ ಹುಡುಕಲು ತೊಡಗುತ್ತೇನೆ.

ಇಂಥ ಮನೆಯಲ್ಲಿ ಹುಟ್ಟಿದ ನನಗೆ ಹತ್ತಿದ ಹುಚ್ಚು ಕಾಡುಪ್ರಾಣಿಗಳದು. ಓದುತ್ತಿರುವುದೂ ಪ್ರಾಣಿಶಾಸ್ತ್ರ. ಅದರಲ್ಲೂ ಚಿರತೆ ಎಂದರೆ ಜೀವ ಬಿಡುತ್ತೇನೆ. ಬಯಲಿನಲ್ಲಿ, ಅದರ ಪಾಡಿಗೆ ಅದು ಓಡಾಡುವಾಗ ಒಂದೇ ಒಂದು ಸಲ ನೋಡಬೇಕು ಎನ್ನುವುದು ಸಣ್ಣವಳಿದ್ದಾಗಿನ ಆಸೆ. ಮಮ್ಮಿಯ ತಂಗಿ, ನಮ್ಮ ಮೌಶಿ, ಕೀನ್ಯಾದಲ್ಲಿ ನರ್ಸ್ ಆಗಿದ್ದಾರೆ. ಹೋದ ಬೇಸಿಗೆಯಲ್ಲಿ ‘ಎಲ್ಲಾರೂ ಬರ್ರಿ’ ಎಂದು ಅವರು ಕರೆದಾಗ ನನ್ನ ಕಣ್ಣಿಗೆ ಮೌಶಿಗಿಂತ ಮೊದಲು ಚಿರತೆಯೇ ಕಾಣಿಸಿತು.

ಮೌಶಿಯ ಮನೆಯಲ್ಲಿ ಮೊದಲ ದಿನ ಊಟಕ್ಕೆ ಅಲ್ಲಿಯವರ ಉಗಾಲಿ ಮಾಡಿದ್ದರು, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಮಮ್ಮಿ ಮುಟ್ಟಿ ನೋಡಿ, ‘ಇದು ನಮ್ಮ ಸಂಗಟಿನೇ ಅದ’ ಎಂದು ತೀರ್ಪು ಕೊಟ್ಟು, ಬ್ಯಾಗಿನಿಂದ ಶೇಂಗಾ ಹಿಂಡಿಯ ಚಟ್ನಿಪುಡಿ ತೆಗೆದು ಪಕ್ಕಕ್ಕೆ ಬಡಿಸಿಕೊಂಡರು. ಭಾನುವಾರ ಚರ್ಚಿಗೆ ಹೋದರೆ ಅಲ್ಲಿ ಹಾಡು, ಕುಣಿತ, ಡ್ರಮ್ಮು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಪಪ್ಪಾನ ಮುಖ ಅರಳಿತ್ತು. ‘ನೋಡು, ಇಲ್ಲಿ ಒಬ್ಬರೂ ಗಡಿಯಾರ ನೋಡಲ್ಲ’ ಎಂದು ನನಗೆ ಕೇಳುವಂತೆ ಹೇಳಿದರು. ಉದ್ದ ಪ್ರಾರ್ಥನೆಯವರ ದೇಶವೊಂದು ಅವರಿಗೆ ಸಿಕ್ಕಿಬಿಟ್ಟಿತ್ತು.

ಆಮೇಲೆ ಕಾಡು. ಮೌಶಿಗೆ ರಜೆ ಸಿಗದೆ ನಾವು ಮೂವರೇ ಹೋದೆವು. ಆನೆ, ಝೀಬ್ರಾ, ನೀರಾನೆ ಎಲ್ಲ ಕಂಡವು. ಜಿರಾಫೆಯನ್ನು ಕಂಡು ಮಮ್ಮಿ, ‘ಪಾಪ, ಕುತ್ತಿಗಿ ಹಿಡಕೊಂಡ್ರ ಏನ ಮಾಡ್ತದೋ’ ಎಂದು ಮರುಗಿದರು. ನೆಗೆಯುತ್ತಿದ್ದ ಜಿಂಕೆಗಳ ಹಿಂಡನ್ನು ಕಂಡು ಪಪ್ಪಾ, ‘ಚಿಗರಿ ನಮ್ಮ ಕಡೀನೂ ಅವ’ ಎಂದು ಬೀದರಿನ ಮಾನ ಕಾಪಾಡಿದರು. ಚಿರತೆ ಮಾತ್ರ ಇಲ್ಲ. ಕೊನೆಯ ಬೆಳಗೂ ಬಂತು; ಮಧ್ಯಾಹ್ನಕ್ಕೆ ಹಿಂತಿರುಗಬೇಕು. ಡ್ರೈವರ್ ಸ್ಯಾಮ್ಯುಯೆಲ್ ಒಂದು ಮರದ ಕೆಳಗೆ ತೆರೆದ ಜೀಪು ನಿಲ್ಲಿಸಿ, ಕೂತಲ್ಲೇ ಫ್ಲಾಸ್ಕಿನ ಚಹಾ ಕೊಟ್ಟ. ಕುಡಿದಾಯಿತು. ಅವನು ಚಾವಿಗೆ ಕೈ ಹಾಕಿದ್ದೇ ತಡ, ಪಪ್ಪಾ ಅವನ ಭುಜ ಮುಟ್ಟಿದರು. ಗಾಡಿ ಬಂದ್ ಆಗಿತ್ತಲ್ಲ.

ಸ್ಯಾಮ್ಯುಯೆಲ್ ಪಪ್ಪಾನಂಥವನೇ, ಟೋಪಿ ತೆಗೆದು ತಲೆ ಬಗ್ಗಿಸಿದ. ನಾನೂ ಅಂದು ಚಪ್ಪಲಿಯ ಚಿಂತೆ ಬಿಟ್ಟು, ರೆಪ್ಪೆ ನೋಯುವಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿ, ನನ್ನದೇ ಖಾಸಗಿ ಪ್ರಾರ್ಥನೆ ಶುರು ಮಾಡಿದೆ: ‘ದೇವರೇ, ಒಂದು ಚಿರತೆ ತೋರಿಸು. ಒಂದೇ ಒಂದು.’ ಅತ್ತ ಪಪ್ಪಾ ದೇಶ ದಾಟಿ, ಮಳೆ ದಾಟಿ, ಭಾಲ್ಕಿ ದಾಟಿ ನನ್ನವರೆಗೆ ಬಂದರು. ‘ಈ ನಿನ್ನ ಮಗಳನ್ನು ಕರ್ತನೇ...’ ಎಂದವರು ತಡೆದರು. ಧ್ವನಿ ಸಣ್ಣಗಾಯಿತು. ‘ಎಲ್ಲಾರೂ ಕಣ್ಣ ಮುಚ್ಚಿಕೊಂಡೇ ಇರ್ಲಿ ಕರ್ತನೇ. ಯಾರೂ ಅಲುಗಾಡೋದು ಬ್ಯಾಡ. ಇಕಿ ಮಮ್ಮಿ ಒದರೋದಂತೂ ಬ್ಯಾಡೇ ಬ್ಯಾಡ.’ ಗ್ರಾಂಥಿಕ ಕನ್ನಡ ಎಲ್ಲಿ ಹೋಯಿತೆಂದು ನನಗೆ ಹೊಳೆಯಲೇ ಇಲ್ಲ. ಚಿರತೆ ಬೇಡುವ ಹೊತ್ತಿನಲ್ಲಿ ಇವರೇಕೆ ಎಳೆಯುತ್ತಿದ್ದಾರೆಂದು ಸಿಟ್ಟು ಬೇರೆ. ಪಪ್ಪಾ ಮತ್ತೆ ಮಳೆಗೆ ಹೋದರು, ಮತ್ತೆ ಭಾಲ್ಕಿಗೆ ಹೋದರು, ಕೊನೆಗೊಮ್ಮೆ ಆಮೆನ್ ಎಂದರು.

ಕಣ್ಣು ಬಿಟ್ಟರೆ ಪಪ್ಪಾನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಸ್ಯಾಮ್ಯುಯೆಲ್ ಹೊರಗೆ ಬಗ್ಗಿ ನೋಡಿ ಹೌಹಾರಿದ. ನಾನು ಕೂತ ಬದಿಯಲ್ಲೇ, ಹಸಿ ಮಣ್ಣಿನಲ್ಲಿ, ಚಿರತೆಯ ಹೊಚ್ಚ ಹೊಸ ಹೆಜ್ಜೆಗಳು. ‘ನಾ ನೋಡ್ದೆ’ ಎಂದರು ಪಪ್ಪಾ. ‘ನಿನ್ನ ಹಿಂದೇ ನಿಂತಿತ್ತು. ನಿಂತು ನಿಂತು, ಆಮ್ಯಾಲ ಹೋಯ್ತು.’

‘ನನಗ್ಯಾಕ ಹೇಳಲಿಲ್ರಿ ಪಪ್ಪಾ?’

‘ಹ್ಯಾಂಗ ಹೇಳ್ಲಿ? ನಿಮ್ಮ ಮಮ್ಮಿ ಹಲ್ಲಿ ನೋಡಿದ್ರೇ ಓಣಿ ಕೂಡಿಸ್ತಾಳ.’

ನಾನು ಅತ್ತುಬಿಟ್ಟೆ. ವಿಮಾನದಲ್ಲೂ ಬೇಕೆಂದೇ ಪಪ್ಪಾನಿಂದ ದೂರದ ಸೀಟಿನಲ್ಲಿ ಕೂತೆ. ಮೈಲೂರಿಗೆ ಬಂದು ಸಿಟ್ಟು ಇಳಿದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಎಲ್ಲರ ಕಣ್ಣು ಮುಚ್ಚಿಸುವ ಪಪ್ಪಾ ತಾವೇಕೆ ಬಿಟ್ಟುಕೊಂಡಿದ್ದರು? ಅಡುಗೆಮನೆಯಲ್ಲಿ ಮಮ್ಮಿಯನ್ನು ಕೇಳಿದೆ.

‘ಅವರು ಮೊದಲಿಂದಾನೂ ಹಂಗೇ. ನಿನ್ನ ಹೆಸರು ಬಂತಂದ್ರ ಕಣ್ಣ ತೆಗೀತಾರ. ನಿನ್ನ ಮಾರಿ ನೋಡಿಕೋತಾನೇ ಪ್ರಾರ್ಥನಿ ಮಾಡ್ತಾರ.’

‘ನಿನಗ ಹ್ಯಾಂಗ ಗೊತ್ತು?’

‘ದಿನಾ ಸಂಜಿ ಪ್ರಾರ್ಥನಿ ಹೊತ್ತಿಗಿ ಒಲಿ ಮ್ಯಾಲ ಹಾಲಿಟ್ಟು ಕಣ್ಣ ಮುಚ್ಚಿ ಕುಂದರ್ಲಾಕ ಆಗ್ತದೇನು?’

ಆ ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಹೆಸರು ಬಂದಾಗ ಮೆಲ್ಲಗೆ ಕಣ್ಣು ಬಿಟ್ಟೆ. ಪಪ್ಪಾ ನನ್ನನ್ನೇ ನೋಡುತ್ತಿದ್ದರು. ಅಷ್ಟು ಮೆತ್ತಗಿನ ಮುಖ ಅವರಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಸಿಕ್ಕಿಬಿದ್ದು ಇಬ್ಬರೂ ಥಟ್ಟನೆ ಕಣ್ಣು ಮುಚ್ಚಿಕೊಂಡೆವು. ಆಮೆನ್ ಆದ ಮೇಲೆ ಪಪ್ಪಾ ಗದರಿದರು: ‘ಪ್ರಾರ್ಥನಿ ನಡದಾಗ ಕಣ್ಣ ಯಾಕ ತೆಗೀತಿ?’

ಪ್ರಾಣಿಶಾಸ್ತ್ರದಲ್ಲಿ ನನಗೆ ಮೊದಲ ವರ್ಷ ಕಲಿಸಿದ್ದೇ ಗಮನವಿಟ್ಟು ನೋಡುವುದನ್ನು. ಮನೆಯಲ್ಲಿ ಎದುರಿಗೇ ಕೂತವರನ್ನು ಇಷ್ಟು ವರ್ಷ ನೋಡದವಳು, ಸಮುದ್ರ ದಾಟಿ ಹೋಗಿ ಚಿರತೆ ನೋಡುತ್ತೇನೆಂದು ಹೊರಟಿದ್ದೆ.