ಹೊಳೆದಂಡೆಯ ಓಣಿಗಾಗಿ ಕುಳಿತ ನಮ್ಮತ್ತೆ

ನಮ್ಮ ಸೋದರತ್ತೆಗೆ ಶತ್ರುಗಳೇ ಇಲ್ಲ. ಇರಲು ಆಕೆ ಬಿಟ್ಟರೆ ತಾನೆ! ಜಗಳಕ್ಕೆ ಬಂದವರು ಸೋತು, ಸುಸ್ತಾಗಿ, ಆಕೆಯ ಕೈಯ ಚಹಾ ಕುಡಿದೇ ಹೋಗಬೇಕು. ಸಿರುಗುಪ್ಪದ ಹೊಳೆದಂಡೆಯ ಓಣಿಯಲ್ಲಿ ಆಕೆಯ ಬಾಡಿಗೆ ಮನೆ. ತುಂಗಭದ್ರೆ ತುಂಬಿ ಮೆಟ್ಟಿಲ ತನಕ ಬಂದರೆ ಸೊಂಟದ ಮೇಲೆ ಕೈಯಿಟ್ಟು, "ವೆನಕ್ಕಿ ಪೋವೇ!" ಎಂದು ತೆಲುಗಿನಲ್ಲಿ ಗದರುತ್ತಾಳೆ.

"ಕನ್ನಡದಾಗ ಬೈದ್ರ ಹಿಂದ ಸರಿಯಂಗಿಲ್ಲೇನು?" ಎಂದು ಕೇಳಿದ್ದೆ.

"ಮುಂದ ಆಂಧ್ರಕ್ಕ ಹೋಗಾಕಿ ಅಲ್ಲೇನ್ಲೇ? ಈಗಿಂದಾನ ರೂಢಿ ಆಗ್ಲಿ!"

ಇಂಥವಳ ಓಣಿಯನ್ನೇ ಕೆಡವಲು ಹೊರಟರಲ್ಲ, ಅವರ ಧೈರ್ಯ ಮೆಚ್ಚಬೇಕು!

ಹಳೆ ಮನೆಗಳ ಜಾಗದಲ್ಲಿ ಮಹಡಿ ಮನೆಗಳು, ಹೊಳೆಗುಂಟ ಕಲ್ಲುಹಾಸಿನ ದಾರಿ, ಸಾಲುದೀಪ. ಹೀಗೊಂದು ಯೋಜನೆ ಹಾಕಿ ಪುರಸಭೆಯವರು ಸಭೆ ಕರೆದರು. ಬಳ್ಳಾರಿಯ ಪಾರ್ವತಿನಗರದಿಂದ ನಾನೂ ಹೋದೆ. ಅತ್ತೆಯನ್ನು ಹಿಡಿದುಕೊಳ್ಳಲು ಒಬ್ಬರಾದರೂ ಬೇಡವೇ? ಅಧಿಕಾರಿ ವಿವರಿಸಿದರು: ಈಗ ಸಾಲ ತಂದು ಕಟ್ಟುತ್ತೇವೆ. ಕಟ್ಟಿದ ಮೇಲೆ ಸುತ್ತಲಿನ ಆಸ್ತಿಗಳ ಬೆಲೆ ಏರುತ್ತದೆ, ಅದರೊಂದಿಗೆ ತೆರಿಗೆಯೂ ಏರುತ್ತದೆ. ಹಾಗೆ ಹೆಚ್ಚಿಗೆ ಬಂದ ತೆರಿಗೆಯನ್ನಷ್ಟೇ ತೆಗೆದಿಟ್ಟು ಸಾಲ ತೀರಿಸುತ್ತೇವೆ.

ಅತ್ತೆ ಎದ್ದಳು. "ಬೆಲಿ ಏರಿದ್ರ ಬಾಡಿಗಿನೂ ಏರತೈತಿ. ನಿಮ್ಮ ಸಾಲ ತೀರತೈತಿ, ಹಂಗ ನಾವೂ ತೀರಿಹೋಗ್ತೀವಿ. ಹೌದಿಲ್ರಿ?"

"ಇಲ್ಲಮ್ಮಾ, ನಿಮಗೂ ಹೊಸ ಮನೆ ಕೊಡ್ತೀವಿ. ಚೀಟಿ ಎತ್ತಿ ಹಂಚ್ತೀವಿ. ಯಾರಿಗೆ ಯಾವ ಮಹಡಿ ಬರುತ್ತೋ ಅದು."

"ಬಾಜೂ ಮನ್ಯಾಗ ಯಾರಿರಬೇಕು ಅನ್ನೋದೂ ಚೀಟಿಯೊಳಗ?"

"ಹೌದು."

"ನಿಮ್ಮ ಹೇಂತಿನ್ನ ಚೀಟಿ ಎತ್ತಿ ತಂದೀರೇನ್ರಿ?"

ಸಭೆ ಅಲ್ಲಿಗೇ ಬರಖಾಸ್ತು!

ಮರುದಿನದಿಂದ ಅತ್ತೆಯ ಧರಣಿ. ಘೋಷಣೆಯಿಲ್ಲ, ಬ್ಯಾನರಿಲ್ಲ. ಮೊರದ ತುಂಬ ಅಕ್ಕಿ ಹಿಡಿದು ಪುರಸಭೆಯ ಪಡಸಾಲೆಯಲ್ಲಿ ಕುಳಿತು ಕಲ್ಲು ಆರಿಸತೊಡಗಿದಳು. ಜವಾನ ಓಡಿಬಂದ. "ಇದು ಕಚೇರಿ ಐತ್ರಿ ಅಮ್ಮಾ, ಇಲ್ಲಿ ಕೆಲಸ ನಡೀತಾವ."

"ನಡದಿರೋದು ನಂದೊಂದ ಕೆಲಸ. ಅಡ್ಡ ಬರಬ್ಯಾಡ, ಸರಿ!"

ಕೆಲವೇ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಮೊರ ತಂದರು. ಪುರಸಭೆಯವರು ಪೊಲೀಸರಿಗೆ ಹೇಳಿಕಳಿಸಿದರು. ಬಂದ ಮಹಿಳಾ ಪೇದೆ "ಏಳ್ರಿ, ಇಲ್ಲಂದ್ರ ಎಬ್ಬಸಬೇಕಾಗತೈತಿ," ಎಂದಳು.

"ಎಬ್ಬಸವ್ವಾ, ಪುಣ್ಯ ಬರತೈತಿ. ಮೊಣಕಾಲು ಹಿಡಕೊಂಡಾವ, ನನಗ ಏಳಾಕ ಆಗವಲ್ದು!"

ಪೇದೆ ನಗು ತಡೆಯಲಾರದೆ ಗೋಡೆಯತ್ತ ತಿರುಗಿ ನಿಂತಳು. ಅಂದೂ ಬಳ್ಳಾರಿಯಿಂದ ಬಂದಿದ್ದ ನಾನು ಮಾತ್ರ ಆಕೆಯ ರಟ್ಟೆ ಹಿಡಿದೆ. "ಅತ್ತೀ, ಸಾಕು, ನಡೀರಿ ಮನಿಗೆ," ಎಂದೆ.

"ಯಾವ ಮನಿಗಿಲೇ? ಅದನ್ನ ಕೇಳಾಕಲ್ಲೇನು ಕುಂತಿರೋದು? ಅಂಜಿಕಿ ಆದ್ರ ನೀ ಬಳ್ಳಾರಿ ಬಸ್ ಹತ್ತು. ನಾ ಏಳಂಗಿಲ್ಲ."

ಏಳಲೂ ಇಲ್ಲ! ಕೊನೆಗೆ ಪುರಸಭೆಯೇ ಬಗ್ಗಿತು. ಓಣಿಯವರಿಗೆಲ್ಲ ಒಂದೇ ಮಹಡಿ, ಎದುರುಬದುರು ಬಾಗಿಲು, ಹೆಚ್ಚುವ ತೆರಿಗೆಯಲ್ಲಿ ಒಂದು ಪಾಲು ಅವರ ಬಾಡಿಗೆ ಏರದಂತೆ ನೋಡಿಕೊಳ್ಳಲಿಕ್ಕೆ ಎಂದು ಠರಾವಾಯಿತು. ಅಧಿಕಾರಿ ಕೈಮುಗಿದು ಕೇಳಿದರು, "ಇನ್ನೇನಾದ್ರೂ ಐತೇನಮ್ಮಾ?" ಅತ್ತೆ ಮೊರ ಮುಂದಿಟ್ಟಳು. "ಅಕ್ಕಿ ಹಸನಾಗ್ಯಾವ. ಊಟಕ್ಕ ಬರ್ರಿ."

ಹೊಸ ಮನೆಗೆ ಬಂದ ಮೇಲೆ ನಾನೊಮ್ಮೆ ಹೋಗಿದ್ದೆ. ಬೆಳಿಗ್ಗೆ ಯಾರೋ ಬಾಗಿಲು ದಬದಬ ಬಡಿದರು. ಪಕ್ಕದ ಮನೆಯ ನರ್ಸ್ ಸುಜಾತಾ. "ಇನ್ನೂ ಸತ್ತಿಲ್ಲ, ಡ್ಯೂಟಿಗೆ ಹೋಗು!" ಎಂದು ಅತ್ತೆ ಒಳಗಿನಿಂದಲೇ ಕೂಗಿದಳು. ಸುಜಾತಾ ನಗುತ್ತ ಮೆಟ್ಟಿಲಿಳಿದದ್ದು ಕೇಳಿಸಿತು.

"ಇದೇನು ಅತ್ತೀ?" ಎಂದೆ.

"ನಿಮ್ಮ ಮಾವ ಹೋದಾಗ ನಾ ಕದ ಹಾಕ್ಕೊಂಡು ಮಲಗಿಬಿಟ್ಟಿದ್ದೆ. ಉಣ್ಣಾಕ ಬ್ಯಾಡ, ಏಳಾಕ ಬ್ಯಾಡ. ಹಳೆ ಓಣ್ಯಾಗೂ ಬಾಜೂ ಮನ್ಯಾಗಿದ್ದ ಈ ಸುಜಾತಾನ ಅತ್ತಿ ದಿನಾ ಮುಂಜಾನಿ ಬಂದು ಬಡೀತಿದ್ಲು. ಬೈಯಾಕಾದ್ರೂ ಎದ್ದು ಬರ್ಲಿ ಅಂತ. ಅವಳು ಹೋದ ಮ್ಯಾಲ ಇಕಿ ಬಡೀತಾಳ."

ಇಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಹೋದಳು. ಎದುರು ಮನೆಯಲ್ಲಿ ಹೆಂಡತಿಯನ್ನು ಈಚೆಗಷ್ಟೇ ಕಳೆದುಕೊಂಡ ಆಟೋದವನೊಬ್ಬನಿದ್ದ. ಅತ್ತೆ ಅವನ ಬಾಗಿಲನ್ನು ಬಡಿದಳು. ಮತ್ತೆ ಬಡಿದಳು. ಒಳಗಿನ ಚಿಲಕ ಸರಿದ ಸದ್ದು ಕೇಳುವ ತನಕ, ಹಿಡಿದುಕೊಂಡ ಮೊಣಕಾಲಲ್ಲೇ ಅಲ್ಲೇ ನಿಂತಿದ್ದಳು.